ವಿಕಿಪೀಡಿಯದ ಬ್ಲಾಕು, ಮಹಾಡದ ಕೆರೆ



ಪೋಸ್ಟ್ ಉದ್ದ ಐತಿ. ಇವತ್ತು ರವಿವಾರ, ಕಚೇರಿ ಇಲ್ಲ, ಹಂಗಾಗಿ ಮುಂಜಾನೆಯಿಂದ ಕುಂತು ಬರೆದೀನಿ. ನೀವೂ ಪುರುಸೊತ್ತು ಮಾಡ್ಕೊಂಡು ಕೊನೆತನಕ ಓದ್ರಿ. ಅರ್ಧ ಓದಿ ಕಾಮೆಂಟ್ ಹಾಕಬ್ಯಾಡ್ರಿ.

ಹೋದ ವಾರ ನಮ್ಮ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜ್ ಬಂತು. ನಮ್ಮ ಓಣಿಯ ಹುಡುಗನೊಬ್ಬ, ಡಿಗ್ರಿ ಎರಡನೇ ವರ್ಷ ಓದ್ತಾನ, ವಿಕಿಪೀಡಿಯದಲ್ಲಿ ಬರೆದದ್ದನ್ನು ಅಳಿಸಿ ಅವನನ್ನು ಬ್ಲಾಕ್ ಮಾಡ್ಯಾರ ಅಂತ. ಅವನ ಗೆಳೆಯರು ಎಡಿಟ್ ಮಾಡಾಕ ಹೋದ್ರ ಅವರಿಗೂ ಬ್ಲಾಕ್. "ನಮ್ಮ ಇಡೀ ಓಣಿಗೇ ನಿರ್ಬಂಧ ಹಾಕ್ಯಾರ, ಇದು ಡಿಜಿಟಲ್ ಅಸ್ಪೃಶ್ಯತೆ" ಅಂತ ಒಬ್ಬ ಬರೆದ. ಇನ್ನೊಬ್ಬರು ಬರೆದರು: "ಏಪ್ರಿಲ್ 14ರ ರಾತ್ರಿ ಐದುನೂರು ಮಂದಿ ಒಮ್ಮೆಲೇ ಆ ಪುಟಕ್ಕೆ ನುಗ್ಗೋಣ, ನೋಡೋಣ ಯಾರು ತಡೀತಾರ." ಹತ್ತು ನಿಮಿಷದಲ್ಲಿ ನಲವತ್ತು ಹೆಬ್ಬೆಟ್ಟು ಬಿದ್ದವು.

ನಾನು ಬ್ಯಾಡ ಅಂದೆ. ಅದಕ್ಕೆ ಕೆಲವರು "ಸರಕಾರಿ ಪಗಾರ ತಿನ್ನೋರಿಗೆ ಹೋರಾಟ ಎಲ್ಲಿ ತಿಳೀತದ" ಅಂದರು. ಇರಲಿ. ಯಾಕೆ ಬ್ಯಾಡ ಅಂದೆ ಅನ್ನೋದನ್ನ ಇಲ್ಲಿ ಬರೀತೀನಿ. ಇದು ಬರೀ ಒಂದು ವೆಬ್‌ಸೈಟಿನ ಮಾತಲ್ಲ. ನಮ್ಮ ಬಗ್ಗೆ ಯಾರು ಬರೆದರು, ಬರೆದದ್ದು ತಪ್ಪಾದಾಗ ನಾವು ಏನು ಮಾಡಿದೆವು ಅನ್ನುವ ಇತಿಹಾಸದ ಮಾತು.

ನಡೆದದ್ದು ಏನು

ಮರುದಿನ ಸಂಜೆ ಹುಡುಗನನ್ನು ಮನೆಗೆ ಕರೆದೆ. ಮೊಬೈಲ್ ತೆಗೆದು ತೋರಿಸಿದ. ನಮ್ಮ ಕಡೆಯ ಒಂದು ಊರಿನ ಇಂಗ್ಲಿಷ್ ಪುಟ. ಊರಿನ ಹೆಸರು ಬ್ಯಾಡ. ಅದರಲ್ಲಿ ಯಾರೋ ಯಾವಾಗಲೋ ಬರೆದಿದ್ದರು: ಈ ಊರಿನಲ್ಲಿ ಎಲ್ಲ ಜಾತಿ ಧರ್ಮದವರೂ ಯಾವ ಭೇದಭಾವವೂ ಇಲ್ಲದೆ ಅನ್ಯೋನ್ಯವಾಗಿ ಬದುಕುತ್ತಾರೆ.

ಹುಡುಗನ ತಾಯಿಯ ತವರು ಆ ಊರು. ಅವನಿಗೆ ಅಲ್ಲಿನ ಹೋಟೆಲ್ಲಿನ ಬೇರೆ ಗ್ಲಾಸು ಗೊತ್ತು. ಗುಡಿಯ ಹೊರಗೆ ನಿಂತ ಅಜ್ಜಿ ಗೊತ್ತು. ಆ ಸಾಲು ಓದಿ ಸಿಟ್ಟು ಬಂತು. ಅದನ್ನು ಅಳಿಸಿ, ಇಲ್ಲಿ ಇವತ್ತಿಗೂ ದಲಿತರನ್ನು ಗುಡಿಗೆ ಬಿಡುವುದಿಲ್ಲ ಅಂತ ಬರೆದ. ಹತ್ತು ನಿಮಿಷಕ್ಕೆ ಯಾರೋ ಅದನ್ನು ತೆಗೆದು ಹಳೇ ಸಾಲನ್ನೇ ಕೂರಿಸಿದರು. ಇವನು ಮತ್ತೆ ಬರೆದ. ಅವರು ಮತ್ತೆ ತೆಗೆದರು. ಹಿಂಗ ಐದು ಸಲ. ಐದನೇ ಸಲ ಇವನು ಕಾರಣದ ಜಾಗದಲ್ಲಿ ಆ ಮನುಷ್ಯನಿಗೆ ಜಾತಿ ಹಿಡಿದು ಬೈದು, "ನಿನ್ನ ಮ್ಯಾಲೆ ಅಟ್ರಾಸಿಟಿ ಕೇಸ್ ಹಾಕ್ತೀನಿ" ಅಂತ ಬರೆದ. ಬ್ಲಾಕ್ ಆಯಿತು.

"ಕಾಕಾ, ನಾ ಬರೆದದ್ದು ಸುಳ್ಳೇನು?" ಅಂದ.

"ಸುಳ್ಳಲ್ಲ."

"ಮತ್ತ ಯಾಕ ಅಳಿಸ್ಯಾರ?"

"ನೀ ಖರೇ ಬರೆದಿ. ಆದ್ರ ಪುರಾವೆ ಇಟ್ಟಿಲ್ಲ."

ಅವನಿಗೆ ಸಿಟ್ಟು ಬಂತು. ನನಗೂ ಒಂದು ಕಾಲಕ್ಕೆ ಬಂದಿತ್ತು. ಯಾಕಂದ್ರ ನಾನೂ ಒಮ್ಮೆ ಬ್ಲಾಕ್ ತಿಂದವನೇ. ಮೂರು ದಿನ. ತಪ್ಪು ನಂದೇ ಇತ್ತು: ಒಂದು ಸಮುದಾಯದ ಪುಟದಲ್ಲಿ ನನಗೆ ಅನಿಸಿದ್ದನ್ನೆಲ್ಲ ಬರೆದು, ತೆಗೆದವರಿಗೆಲ್ಲ ಮನುವಾದಿ ಅಂತ ಪಟ್ಟ ಕಟ್ಟಿದ್ದೆ. ಆಮೇಲೆ ತಿಳೀತು, ತೆಗೆದವರಲ್ಲಿ ಒಬ್ಬರು ನಮ್ಮ ದೇಶದವರೇ ಅಲ್ಲ ಅಂತ.

ಇಡೀ ಓಣಿಗೆ ಬ್ಲಾಕ್ ಆದ ವಿಷಯಾನೂ ಮೊದಲು ಹೇಳಿಬಿಡ್ತೀನಿ. ಒಂದು ಖಾತೆಯನ್ನು ಬ್ಲಾಕ್ ಮಾಡಿದರೆ ಅದು ಕೊನೆಗೆ ಬಳಸಿದ ಇಂಟರ್ನೆಟ್ ವಿಳಾಸಕ್ಕೂ ಒಂದು ದಿನದ ಮಟ್ಟಿಗೆ ತಾನಾಗಿ ತಡೆ ಬೀಳುತ್ತದೆ. ಹುಡುಗರೆಲ್ಲ ಅವನದೇ ಹಾಟ್‌ಸ್ಪಾಟ್ ಮೇಲೆ ಕುಂತಿದ್ದರು. ಅದೂ ಅಲ್ಲದೆ ಮೊಬೈಲ್ ಕಂಪನಿಗಳು ಒಂದೇ ವಿಳಾಸವನ್ನು ಎಷ್ಟೋ ಮಂದಿಗೆ ಹಂಚುತ್ತವೆ. ಎಲ್ಲೋ ಯಾರೋ ಕಿಡಿಗೇಡಿತನ ಮಾಡಿದ್ದಕ್ಕೆ ಹಾಕಿದ ತಡೆ ನಮ್ಮ ಫೋನಿನಲ್ಲಿ ಕಾಣಬಹುದು. ಆ ಯಂತ್ರಕ್ಕೆ ನಮ್ಮ ಓಣಿ ಯಾವುದು ಅಂತ ಗೊತ್ತಿಲ್ಲ. ಅಸ್ಪೃಶ್ಯತೆ ಅನ್ನೋ ಪದ ನಮ್ಮ ಹಿರಿಯರ ಮೈಮೇಲಿನ ಗಾಯದ ಪದ. ಅದನ್ನ ಹಾಟ್‌ಸ್ಪಾಟಿಗೆ ಖರ್ಚು ಮಾಡಬ್ಯಾಡ್ರಿ.

ನಮ್ಮ ಬಗ್ಗೆ ಮೊದಲು ಬರೆದವರು

ನಮ್ಮ ಜಿಲ್ಲೆ ಆಗ ಬಾಂಬೆ ಪ್ರೆಸಿಡೆನ್ಸಿಯಲ್ಲಿತ್ತು. ಬ್ರಿಟಿಷ್ ಸರಕಾರ ಜಿಲ್ಲೆಗೊಂದು ಗೆಜೆಟಿಯರ್ ಬರೆಸಿತು. ಅದರ 23ನೇ ಸಂಪುಟ ಬಿಜಾಪುರದ್ದು, ಅಚ್ಚಾದದ್ದು 1884ರಲ್ಲಿ. ಮಳೆ, ಬೆಳೆ, ಕೆರೆ, ಗೋಳಗುಮ್ಮಟ ಎಲ್ಲ ಇರುವ ಆ ಪುಸ್ತಕದಲ್ಲಿ ಜಾತಿಗಳ ಮೇಲೂ ಉದ್ದನೆಯ ಬರವಣಿಗೆ ಐತಿ. ಯಾರ ಮನೆ ಹೆಂಗ, ಏನು ಉಣ್ತಾರ, ಏನು ಉಡ್ತಾರ, ಎಂಥ ಗುಣದವರು ಅಂತ ಒಂದೊಂದು ಜಾತಿಗೂ ಸರ್ಟಿಫಿಕೇಟ್. ಹೊಲೆಯರಿಗೆ ಒಂದು, ಮಾದಿಗರಿಗೆ ಒಂದು.

ಅದನ್ನು ಬರೆಯುವಾಗ ನಮ್ಮ ಮುತ್ತಜ್ಜನನ್ನು ಕೇಳಿದ್ದರೇ? ಕೇಳಿದರೂ ಅವನು ಹೇಳಿದ್ದನ್ನು ಹಂಗೇ ಬರೆದರೇ? ಆ ಪುಸ್ತಕಕ್ಕೆ ಚರ್ಚೆಯ ಪುಟ ಇರಲಿಲ್ಲ. ತಪ್ಪು ಅಂತ ಹೇಳುವ ಜಾಗ ಇರಲಿಲ್ಲ.

1901ರ ಜನಗಣತಿಯಲ್ಲಿ ಹರ್ಬರ್ಟ್ ರಿಸ್ಲೆ ಅನ್ನುವ ಅಧಿಕಾರಿ ಜಾತಿಗಳನ್ನು ಮೇಲೆ ಕೆಳಗೆ ಅಂತ ಸಾಲಾಗಿ ನಿಲ್ಲಿಸಲು ಹೊರಟ. ಆಗ ದೇಶದ ತುಂಬ ಜಾತಿ ಸಂಘಗಳು ಎದ್ದವು. ನಮ್ಮನ್ನು ಕ್ಷತ್ರಿಯರು ಅಂತ ಬರೀರಿ, ನಮ್ಮನ್ನು ವೈಶ್ಯರು ಅಂತ ಬರೀರಿ ಅಂತ ಅರ್ಜಿಗಳ ರಾಶಿ ಬಿತ್ತು. ಮೇಲಿನ ಮೆಟ್ಟಿಲಿಗೆ ಹೋಗುವ ಜಗಳ ಅದು. ಮೆಟ್ಟಿಲೇ ಯಾಕೆ ಬೇಕು ಅಂತ ಕೇಳಿದವರು ಕಡಿಮೆ.

ನೂರು ವರ್ಷದ ಮೇಲೆ ಇದೇ ಜಗಳ ವಿಕಿಪೀಡಿಯಕ್ಕೆ ಬಂತು.

ಅರಳಿ ಕಟ್ಟೆ

ವಿಕಿಪೀಡಿಯ ಶುರುವಾದದ್ದು 2001ರ ಜನವರಿ 15ಕ್ಕೆ. ಕನ್ನಡದ್ದು 2003ರಲ್ಲಿ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಕನ್ನಡ ವಿಕಿಪೀಡಿಯದಲ್ಲಿ ಎಲ್ಲರೂ ಕೂತು ಮಾತಾಡುವ ಪುಟಕ್ಕೆ "ಅರಳಿ ಕಟ್ಟೆ" ಅಂತ ಹೆಸರಿಟ್ಟಾರ. ಪ್ರೀತಿಯಿಂದಲೇ ಇಟ್ಟಿರಬೇಕು. ಆದ್ರ ಮೊದಲ ಸಲ ಆ ಹೆಸರು ಓದಿದಾಗ ನನಗೆ ನಮ್ಮಜ್ಜ ನೆನಪಾದ. ಊರಿನ ಕಟ್ಟೆಯ ಮೇಲೆ ಅವನು ಯಾವತ್ತೂ ಕೂತವನಲ್ಲ. ಪಂಚಾಯ್ತಿ ನಡೆದಾಗ ದೂರ ನಿಂತು, ಕರೆದಾಗಷ್ಟೇ ಮಾತಾಡಿದವನು. ಈ ಕಟ್ಟೆಯ ಮೇಲೆ ನಾನು ಕೂತೆ. ಯಾರೂ ಜಾತಿ ಕೇಳಲಿಲ್ಲ. ಕೇಳಿದ್ದು ಒಂದೇ: ಉಲ್ಲೇಖ ಎಲ್ಲಿ?

ಎಲ್ಲರೂ ಬರೆಯುವ ಕಡೆ ಜಗಳ ತಪ್ಪಿದ್ದಲ್ಲ. ನಾನು ಗುಮಾಸ್ತ, ನನಗೆ ಅರ್ಥವಾಗುವ ಹಂಗ ಹೇಳ್ತೀನಿ. ಕಚೇರಿಯಲ್ಲಿ ಒಂದು ಕಡತ ಅಂದರೆ ಎರಡು ಭಾಗ. ಹೊರಗೆ ಹೋಗುವ ಆದೇಶ ಒಂದು. ಆ ಆದೇಶಕ್ಕೆ ಬರುವ ಮೊದಲು ಯಾರು ಏನು ಬರೆದರು, ಯಾರು ಒಪ್ಪಿದರು, ಯಾರು ತಕರಾರು ತೆಗೆದರು ಅನ್ನುವ ಟಿಪ್ಪಣಿ ಹಾಳೆ ಇನ್ನೊಂದು. ಇದರ ಜೊತೆಗೆ ಆವಕ ಜಾವಕ ವಹಿ. ಕಾಗದ ಯಾವತ್ತು ಬಂತು, ಯಾವತ್ತು ಹೋಯ್ತು, ಎಲ್ಲ ಅದರಲ್ಲಿ ಇರ್ತದ.

ವಿಕಿಪೀಡಿಯದಲ್ಲಿ ಓದುವ ಪುಟ ಅಂದರೆ ಆದೇಶ. ಅದರ ಬೆನ್ನಿಗೇ ಇರುವ "ಚರ್ಚೆ" ಪುಟ ಟಿಪ್ಪಣಿ ಹಾಳೆ. "ಇತಿಹಾಸ" ಅನ್ನುವ ಪುಟ ಆವಕ ಜಾವಕ ವಹಿ. ಯಾರು, ಯಾವ ದಿನ, ಎಷ್ಟು ಗಂಟೆಗೆ, ಯಾವ ಅಕ್ಷರ ಸೇರಿಸಿದರು, ಯಾವುದು ತೆಗೆದರು ಎಲ್ಲ ಅಲ್ಲಿ ಉಳೀತದ. ನಮ್ಮ ಹುಡುಗ ಬರೆದ ಸಾಲು ಪುಟದಿಂದ ಹೋಯ್ತು. ಇತಿಹಾಸದಲ್ಲಿ ಇವತ್ತಿಗೂ ಐತಿ. ಅವನ ಬೈಗುಳವೂ ಐತಿ. ಅದನ್ನೂ ನೆನಪಿಡ್ರಿ.

ಜಗಳ ಬಗೆಹರಿಸುವ ನಿಯಮಗಳು ಒಂದೇ ದಿನಕ್ಕೆ ಬಂದವಲ್ಲ, ಪೆಟ್ಟು ತಿಂದು ತಿಂದು ಬಂದವು. ಇಂಗ್ಲಿಷ್ ವಿಕಿಪೀಡಿಯದಲ್ಲಿ 2004ರಲ್ಲಿ ಮೂರು ಸಲದ ನಿಯಮ ಬಂತು. ಒಂದು ಪುಟದಲ್ಲಿ 24 ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಸಲ ಇನ್ನೊಬ್ಬರ ಬರಹವನ್ನು ತಿರುಗಿಸಿ ಹಾಕಿದರೆ ಬ್ಲಾಕ್ ಆಗಬಹುದು. ನೀವು ಖರೇ ಇದ್ರೂ ಆಗಬಹುದು. ಅದೇ ವರ್ಷ ಪಂಚಾಯ್ತಿ ಸಮಿತಿ ಕೆಲಸ ಶುರು ಮಾಡಿತು. ಅದು ಬರೆಯುವವರ ನಡತೆಯನ್ನು ನೋಡ್ತದ. ಯಾವ ಸಾಲು ಖರೇ, ಯಾವುದು ಸುಳ್ಳು ಅಂತ ತೀರ್ಪು ಕೊಡುವುದಿಲ್ಲ. ಅದನ್ನು ಚರ್ಚೆಯ ಪುಟದಲ್ಲಿ ಬರೆಯುವವರೇ ಬಗೆಹರಿಸಬೇಕು. ಅಲ್ಲಿ ಆಗದಿದ್ದರೆ ಮೂರನೆಯವರೊಬ್ಬರ ಅಭಿಪ್ರಾಯ ಕೇಳಬಹುದು, ಅದೂ ಸಾಲದಿದ್ದರೆ ಎಲ್ಲರ ಅಭಿಪ್ರಾಯ ಕರೆಯಬಹುದು.

ಭಾರತದ ಜಾತಿ ಪುಟಗಳಲ್ಲಿ ಜಗಳ ಎಷ್ಟು ಜೋರಾಯ್ತು ಅಂದರೆ 2012ರಲ್ಲಿ ಅವುಗಳಿಗೇ ಅಂತ ಬಿಗಿ ನಿಯಮ ಮಾಡಿದರು. ನಮ್ಮ ಜಾತಿ ರಾಜವಂಶದ್ದು, ನಮ್ಮದು ಸೂರ್ಯವಂಶ ಅಂತ ಬರೆಯುವವರ ಸಾಲು ಮುಗಿಯುತ್ತಿರಲಿಲ್ಲ. 1901ರ ಅರ್ಜಿಗಳೇ ಮೊಬೈಲಿನಲ್ಲಿ ಬಂದ ಹಾಗೆ. ಈಗ ಎಚ್ಚರಿಕೆ ಕೊಟ್ಟ ಮೇಲೂ ಹಟ ಹಿಡಿದರೆ, ಜಾತಿಯ ವಿಷಯದ ಪುಟಗಳನ್ನೇ ಮುಟ್ಟದಂತೆ ನಿರ್ವಾಹಕರು ತಡೆ ಹಾಕಬಹುದು.

ಇದರಲ್ಲಿ ನಮಗೆ ಒಂದು ಲಾಭವೂ ಆಯ್ತು. ಬ್ರಿಟಿಷ್ ಕಾಲದ ಆ ಗೆಜೆಟಿಯರು, ಥರ್ಸ್ಟನ್ ಬರೆದ 1909ರ ಏಳು ಸಂಪುಟ, ಎಂಥೋವನ್ ಬರೆದ ಮುಂಬೈ ಪ್ರಾಂತ್ಯದ ಜಾತಿಗಳ ಪುಸ್ತಕ, ಇಂಥವನ್ನು ಜಾತಿಯ ಬಗ್ಗೆ ನಂಬಲರ್ಹ ಆಧಾರ ಅಂತ ಒಪ್ಪಬಾರದು ಅನ್ನುವ ಅಭಿಪ್ರಾಯ ಅಲ್ಲಿ ಬಲವಾಗಿ ನೆಲೆಸಿದೆ. ನಮ್ಮ ಮುತ್ತಜ್ಜನಿಗೆ ಕೊಟ್ಟ ಸರ್ಟಿಫಿಕೇಟನ್ನು ಯಾರಾದರೂ ಪುಟಕ್ಕೆ ತಂದು ಅಂಟಿಸಿದರೆ, ಅದನ್ನು ತೆಗೆಯಿರಿ ಅಂತ ಕೇಳಲು ನಮಗೆ ಈಗ ದಾರಿ ಐತಿ. ಅದೇ ನಿಯಮ ನಮಗೂ ಅನ್ವಯಿಸ್ತದ. ನಮ್ಮಲ್ಲೂ ಕೆಲವರು ನಾವು ಹಿಂದೆ ರಾಜರಾಗಿದ್ದೆವು ಅಂತ ಆಧಾರವಿಲ್ಲದೆ ಬರೀತಾರ. ಹೊಲೆಯರ ಪುಟದಲ್ಲಿ ಮಾದಿಗರನ್ನು, ಮಾದಿಗರ ಪುಟದಲ್ಲಿ ಹೊಲೆಯರನ್ನು ಸಣ್ಣ ಮಾಡಿ ಬರೆಯುವವರೂ ಇದ್ದಾರೆ. ಇದನ್ನು ಬಾಬಾಸಾಹೇಬರ ಹೆಸರಿನಲ್ಲಿ ಮಾಡಬ್ಯಾಡ್ರಿ.

ಕೆರೆಯನ್ನು ತಿರುಗಿಸಿ ಹಾಕಿದ ಕಥೆ

ಈಗ ಮುಖ್ಯ ಮಾತಿಗೆ ಬರ್ತೀನಿ. ಐದುನೂರು ಮಂದಿ ನುಗ್ಗೋಣ ಅಂದವರು ಮಹಾಡದ ಉದಾಹರಣೆ ಕೊಟ್ಟರು. ಬಾಬಾಸಾಹೇಬರು ಕೆರೆಗೆ ಸಾವಿರಾರು ಮಂದಿ ಕರಕೊಂಡು ಹೋಗಲಿಲ್ಲೇನು ಅಂತ. ಹೋದರು. ಆದರೆ ಆ ಕಥೆಯನ್ನು ನಾವು ಮಾರ್ಚ್ 20ಕ್ಕೇ ನಿಲ್ಲಿಸಿಬಿಡ್ತೀವಿ. ಮುಂದಿನ ಹತ್ತು ವರ್ಷ ಓದೋದೇ ಇಲ್ಲ.

ಮೊದಲಿನಿಂದ ನೋಡ್ರಿ. 1923ರಲ್ಲಿ ಬಾಂಬೆ ಶಾಸನ ಸಭೆಯಲ್ಲಿ ಎಸ್.ಕೆ. ಬೋಲೆ ಅವರ ಠರಾವು ಪಾಸಾಯ್ತು. ಸರಕಾರದ ದುಡ್ಡಿನ ಕೆರೆ, ಬಾವಿ, ಶಾಲೆ, ಧರ್ಮಶಾಲೆ ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ. ನಮ್ಮ ಬಿಜಾಪುರವೂ ಅದೇ ಪ್ರಾಂತ್ಯದಲ್ಲಿತ್ತು. 1924ರಲ್ಲಿ ಮಹಾಡ ಪುರಸಭೆ ಚವದಾರ ಕೆರೆ ಎಲ್ಲರದು ಅಂತ ಠರಾವು ಮಾಡಿತು. ಕಾಗದದ ಮೇಲೆ. ಯಾರೂ ನೀರು ಮುಟ್ಟಲು ಬಿಡಲಿಲ್ಲ.

1927ರ ಮಾರ್ಚ್ 20ಕ್ಕೆ ಬಾಬಾಸಾಹೇಬರು ಜನರೊಂದಿಗೆ ನಡೆದು ಹೋಗಿ ಆ ನೀರು ಕುಡಿದರು. ಅಂದರೆ ಪುಟದಲ್ಲಿ ಒಂದು ಸಾಲು ಬರೆದರು. ಮುಂದೆ ಏನಾಯ್ತು? ಗುಡಿಗೂ ನುಗ್ತಾರ ಅಂತ ಸುಳ್ಳು ಸುದ್ದಿ ಹಬ್ಬಿಸಿ ನಮ್ಮವರ ಮೇಲೆ ಬಡಿಗೆ ಬೀಸಿದರು. ಕೆರೆಗೆ ಸೆಗಣಿ ಗಂಜಲ ಹಾಕಿ, ಮಂತ್ರ ಹೇಳಿ ಶುದ್ಧ ಮಾಡಿದರು. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರ ರಿವರ್ಟ್ ಮಾಡಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಪುರಸಭೆ ತನ್ನ 1924ರ ಠರಾವನ್ನೇ ಹಿಂದಕ್ಕೆ ತಗೊಂಡಿತು. ಅದೂ ಒಂದು ರಿವರ್ಟ್.

ಬಡಿಗೆ ಏಟು ಬಿದ್ದ ದಿನ ನಮ್ಮ ಕಡೆ ಕೈಯಲ್ಲಿ ಬಲ ಇದ್ದವರು ಇದ್ದರು. ಸೈನ್ಯದಲ್ಲಿ ದುಡಿದು ಬಂದವರೂ ಇದ್ದರು. ಬಾಬಾಸಾಹೇಬರು ತಿರುಗಿ ಹೊಡೆಯಲು ಬಿಡಲಿಲ್ಲ. ಎರಡು ವಾರದಲ್ಲಿ, ಏಪ್ರಿಲ್ 3ಕ್ಕೆ, "ಬಹಿಷ್ಕೃತ ಭಾರತ" ಪತ್ರಿಕೆ ಶುರು ಮಾಡಿದರು. ಮಹಾಡದಲ್ಲಿ ಆದದ್ದು ನಮ್ಮ ಕಡೆಯಿಂದಲೂ ಅಚ್ಚಿಗೆ ಬಂತು.

ಡಿಸೆಂಬರ್‌ನಲ್ಲಿ ಮತ್ತೆ ಸತ್ಯಾಗ್ರಹ ಅಂತ ಜನ ಸೇರಿದರು. ಅಷ್ಟರಲ್ಲಿ ಊರಿನ ಸವರ್ಣೀಯರು ಕೋರ್ಟಿಗೆ ಹೋಗಿ, ಕೆರೆ ಖಾಸಗಿಯದು ಅಂತ ವಾದಿಸಿ ತಾತ್ಕಾಲಿಕ ತಡೆಯಾಜ್ಞೆ ತಂದಿದ್ದರು. ಇದು ಬ್ಲಾಕ್. ಸಾವಿರಾರು ಮಂದಿ ಜೈಲಿಗೆ ಹೋಗಲೂ ತಯಾರಾಗಿ ನಿಂತಿದ್ದರು. ಬಾಬಾಸಾಹೇಬರು ಅವರನ್ನು ಒಪ್ಪಿಸಿ ಕೆರೆಯ ಸತ್ಯಾಗ್ರಹವನ್ನು ಮುಂದೂಡಿದರು. ಸುಮ್ಮನೆ ಕೂತರೇನು? ಇಲ್ಲ. ಡಿಸೆಂಬರ್ 25ಕ್ಕೆ ಮನುಸ್ಮೃತಿ ಸುಟ್ಟರು. ಕೆರೆಯ ವಿಷಯಕ್ಕೆ ಕೋರ್ಟಿನಲ್ಲಿ ನಿಂತರು.

ಕೋರ್ಟಿನಲ್ಲಿ ಪ್ರಶ್ನೆ ಏನಿತ್ತು ಗೊತ್ತೇ? ಅನಾದಿ ಕಾಲದಿಂದ ಅಸ್ಪೃಶ್ಯರು ಈ ನೀರು ಮುಟ್ಟಬಾರದು ಅನ್ನೋ ಪದ್ಧತಿ ಐತಿ ಅಂತ ಅವರು ಹೇಳ್ತಿದ್ದರು. ಹಾಗಾದರೆ ಆ ಪದ್ಧತಿಗೆ ಪುರಾವೆ ಕೊಡ್ರಿ ಅನ್ನೋದು ಪ್ರಶ್ನೆ. ಕೊಡಲು ಆಗಲಿಲ್ಲ. ಕೆಳಗಿನ ಕೋರ್ಟು, ಮೇಲ್ಮನವಿ ಎಲ್ಲ ದಾಟಿ 1937ರ ಮಾರ್ಚ್ 17ಕ್ಕೆ ಬಾಂಬೆ ಹೈಕೋರ್ಟು ನಮ್ಮ ಪರ ತೀರ್ಪು ಕೊಟ್ಟಿತು. ಹತ್ತು ವರ್ಷ.

ಈ ಹತ್ತು ವರ್ಷದಲ್ಲಿ ಇರೋದೇ ನಾನು ಹೇಳಬೇಕಾದ ಮಾತು. ನಾವು ಯಾವಾಗಲೂ ನಮ್ಮ ನೋವಿಗೆ ಪುರಾವೆ ತರಲು ಓಡಾಡ್ತೀವಿ. ಅವರ ಸುಳ್ಳಿಗೆ ಪುರಾವೆ ಕೇಳೋದನ್ನ ಮರೀತೀವಿ.

ಲಾಹೋರಿನ ಕಾಮಾ

ಒಬ್ಬ ಗೆಳೆಯ ಕೇಳಿದ: "ಒಂದು ಕಾಮಾ ಸಹ ಬದಲಿಸಲ್ಲ ಅಂದವರು ಬಾಬಾಸಾಹೇಬರು. ನೀವು ರಾಜಿ ಆಗು ಅಂತೀರಲ್ಲ?"

ಒಳ್ಳೆಯ ಪ್ರಶ್ನೆ. ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ 1936ರ ತನ್ನ ಸಮ್ಮೇಳನಕ್ಕೆ ಬಾಬಾಸಾಹೇಬರನ್ನು ಅಧ್ಯಕ್ಷರಾಗಿ ಕರೆದಿತ್ತು. ಭಾಷಣ ಮೊದಲೇ ಓದಿ ಗಾಬರಿಯಾಗಿ, ಇಂತಿಂಥ ಭಾಗ ತೆಗೆಯಿರಿ ಅಂತು. ಅವರು ಒಪ್ಪಲಿಲ್ಲ. ಸಮ್ಮೇಳನವೇ ರದ್ದಾಯ್ತು. ಮೇ ತಿಂಗಳಲ್ಲಿ ತಮ್ಮ ಖರ್ಚಿನಲ್ಲಿ 1500 ಪ್ರತಿ ಅಚ್ಚು ಹಾಕಿಸಿದರು. ಅದೇ "ಜಾತಿ ವಿನಾಶ".

ಆದರೆ ಎರಡು ವಿಷಯ ಗಮನಿಸ್ರಿ. ಒಂದು, ಅದು ಅವರ ಭಾಷಣ. ಕೆಳಗೆ ಅವರ ಹೆಸರು ಇತ್ತು. ನನ್ನ ಈ ಪೋಸ್ಟಿನಲ್ಲಿ ಕಾಮಾ ತೆಗಿ ಅಂದ್ರ ನಾನೂ ತೆಗೆಯಲ್ಲ. ವಿಶ್ವಕೋಶದ ಪುಟಕ್ಕೆ ಯಾರ ಹೆಸರೂ ಇಲ್ಲ. ಅದು ಊರ ಕೆರೆ ಇದ್ದಂಗ. ಅಲ್ಲಿ ನನಗೆ ಹಕ್ಕು ಐತಿ, ಒಡೆತನ ಇಲ್ಲ. ಎರಡನೇದು, ಅವರು ಆ ಪುಸ್ತಕದಲ್ಲಿ ಮಂಡಲದವರೊಂದಿಗಿನ ಪತ್ರಗಳನ್ನೂ ಅಚ್ಚು ಹಾಕಿದರು. 1937ರ ಎರಡನೇ ಮುದ್ರಣದಲ್ಲಿ ಗಾಂಧಿಯವರ ಟೀಕೆಯನ್ನೂ ಸೇರಿಸಿ ಅದಕ್ಕೆ ತಮ್ಮ ಉತ್ತರ ಕೊಟ್ಟರು. ಎದುರಾಳಿಯ ಮಾತನ್ನು ಅಳಿಸಲಿಲ್ಲ, ಪಕ್ಕಕ್ಕೇ ಇಟ್ಟು ಉತ್ತರ ಬರೆದರು. ಚರ್ಚೆಯ ಪುಟ ಅಂದರೆ ಇದೇ ಅಲ್ಲೇನು?

ತಟಸ್ಥವಾಗಿ ಬರೀಬೇಕು ಅಂದ್ರ ನಮ್ಮವರಿಗೆ ಸಿಟ್ಟು. ದೌರ್ಜನ್ಯದಲ್ಲಿ ತಟಸ್ಥ ಇರೋದು ಹೆಂಗ ಅಂತಾರ. ಕಂಬಾಲಪಲ್ಲಿಯನ್ನೇ ನೋಡ್ರಿ. 2000ದ ಮಾರ್ಚ್ 11ಕ್ಕೆ ಅಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ ಆದರು, ಸಾಕ್ಷಿಗಳು ತಿರುಗಿಬಿದ್ದಿದ್ದರು. ತಟಸ್ಥ ಅಂದರೆ ಇಷ್ಟನ್ನೂ ಬರೆಯೋದು. ಏಳು ಮಂದಿ ಸುಟ್ಟುಹೋದರು ಅನ್ನೋದನ್ನು ಯಾರೂ ಅಳಿಸಲಾಗದ ಆಧಾರದೊಂದಿಗೆ ಬರೆದು, ಕೋರ್ಟು ಹೇಳಿದ್ದನ್ನೂ ಬರೆದರೆ ಸಾಕು. ಓದಿದವರ ಹೊಟ್ಟೆಯಲ್ಲಿ ಬೆಂಕಿ ತಾನೇ ಬೀಳ್ತದ. ನಾವು ಬೈಗುಳ ಸೇರಿಸಬೇಕಾಗಿಲ್ಲ.

ಹುಡುಗ ಬರೆದ ಅರ್ಜಿ

ಬ್ಲಾಕ್ ತೆಗೆಸೋದು ಹೆಂಗ ಅಂತ ಕೇಳಿದಿರಿ. ಬ್ಲಾಕ್ ಆದವನ ಸ್ವಂತ ಚರ್ಚೆಯ ಪುಟ ಸಾಮಾನ್ಯವಾಗಿ ತೆರೆದೇ ಇರ್ತದ. ಅಲ್ಲಿ ಅರ್ಜಿ ಬರೀಬೇಕು. ಬ್ಲಾಕ್ ಮಾಡಿದ ನಿರ್ವಾಹಕರನ್ನು ಬಿಟ್ಟು ಬೇರೊಬ್ಬರು ಅದನ್ನು ನೋಡ್ತಾರ. ಬ್ಲಾಕ್ ಅನ್ನೋದು ಶಿಕ್ಷೆ ಅಲ್ಲ, ಮುಂದೆ ಆಗುವ ಹಾನಿ ತಡೆಯೋ ಕ್ರಮ ಅಂತ ಅವರ ನಿಯಮವೇ ಹೇಳ್ತದ. ಹಂಗಾಗಿ ಮುಂದೆ ನೀವು ಏನು ಮಾಡ್ತೀರಿ ಅನ್ನೋದೇ ಅವರಿಗೆ ಬೇಕು.

ಹುಡುಗನ ಮೊದಲ ಕರಡು ಎರಡು ಪುಟ ಇತ್ತು. ಪೂರ್ತಿ ಇನ್ನೊಬ್ಬನ ತಪ್ಪು. ನಾನು ಹರಿದು ಹಾಕಿದೆ. ನೋಟೀಸಿಗೆ ಉತ್ತರ ಬರೆಯೋ ಹಂಗ ಬರಿ ಅಂದೆ. ಕೊನೆಗೆ ಐದಾರು ಸಾಲು ಉಳಿದವು. ನಾನು ಐದು ಸಲ ತಿರುಗಿಸಿ ಹಾಕಿದೆ, ನಿಯಮ ಗೊತ್ತಿರಲಿಲ್ಲ, ಈಗ ಓದಿದ್ದೇನೆ. ಬೈದದ್ದು ತಪ್ಪು. ಕೇಸಿನ ಮಾತನ್ನು ವಾಪಸ್ ತಗೊಳ್ತೇನೆ. ಇನ್ನು ಮುಂದೆ ಪುಟವನ್ನು ನೇರ ಮುಟ್ಟದೆ ಚರ್ಚೆಯ ಪುಟದಲ್ಲಿ ಕೇಳುತ್ತೇನೆ.

ಕೇಸಿನ ಮಾತಿಗೆ ಅವನು ಬಹಳ ಹೊತ್ತು ಒಪ್ಪಲಿಲ್ಲ. "1989ರ ಕಾಯ್ದೆ ನಮ್ಮ ಹಕ್ಕು ಕಾಕಾ" ಅಂದ. ಹೌದು, ಹಕ್ಕು. ದೌರ್ಜನ್ಯ ಆದರೆ ಠಾಣೆಗೆ ಹೋಗು, ನಾನೇ ಜೊತೆಗೆ ಬರ್ತೀನಿ. ಆದರೆ ಕಾನೂನಿನ ಬೆದರಿಕೆ ಹಾಕಿಕೊಂಡು ಅದೇ ಪುಟದಲ್ಲಿ ವಾದ ಮಾಡೋಕೆ ಅಲ್ಲಿ ಬಿಡೋದಿಲ್ಲ. ಬೆದರಿಕೆ ಹಾಕಿದವರು ಯಾರೇ ಆಗಲಿ, ಈ ನಿಯಮ ಒಂದೇ. ನಾಳೆ ದುಡ್ಡಿದ್ದವನು ವಕೀಲರ ಹೆಸರು ಹೇಳಿ ನಿನ್ನನ್ನು ಹೆದರಿಸಿದರೆ ನಿನ್ನನ್ನು ಕಾಯೋದೂ ಇದೇ ನಿಯಮ ಅಂದೆ. ಅದನ್ನು ಒಪ್ಪಿದ.

ಎರಡು ದಿನಕ್ಕೆ ಬ್ಲಾಕ್ ಹೋಯ್ತು.

ಆಮೇಲೆ ಚರ್ಚೆಯ ಪುಟದಲ್ಲಿ ಅವನು ಒಂದೇ ಪ್ರಶ್ನೆ ಇಟ್ಟ: ಈ ಊರಿನಲ್ಲಿ ಭೇದಭಾವ ಇಲ್ಲ ಅನ್ನುವ ಸಾಲಿಗೆ ಆಧಾರ ಏನು? ಆ ಸಾಲಿಗೆ ಯಾವ ಉಲ್ಲೇಖವೂ ಇರಲಿಲ್ಲ. ಒಂದು ಸಾಲನ್ನು ಪುಟದಲ್ಲಿ ಇಡಬೇಕು ಅನ್ನುವವರೇ ಅದಕ್ಕೆ ಆಧಾರ ಕೊಡಬೇಕು ಅನ್ನೋದು ಅಲ್ಲಿನ ನಿಯಮ. ಮಹಾಡದ ಪ್ರಶ್ನೆಯೇ ಇದು. ಒಂದು ವಾರ ಯಾರೂ ಉತ್ತರ ಕೊಡಲಿಲ್ಲ. ಹಿಂದೆ ಇವನ ಸಾಲನ್ನು ತಿರುಗಿಸಿ ಹಾಕಿದ್ದವರೇ ಬಂದು ಅದನ್ನು ತೆಗೆದರು. ಕಾರಣದ ಜಾಗದಲ್ಲಿ ಎರಡೇ ಪದ: ಆಧಾರ ಇಲ್ಲ.

ಹುಡುಗನ ಸಾಲು? ಅದು ಇನ್ನೂ ಬಂದಿಲ್ಲ. 2011ರ ಜನಗಣತಿಯಿಂದ ಊರಿನ ಪರಿಶಿಷ್ಟ ಜಾತಿಯ ಜನಸಂಖ್ಯೆ ಎಷ್ಟು ಅನ್ನೋದನ್ನು ಸೇರಿಸಿದ. ಅದು ನಿಂತಿತು. ಮೊದಲು ಆ ಪುಟದಲ್ಲಿ ನಾವು ಇದ್ದೇವೆ ಅನ್ನೋದೇ ಇರಲಿಲ್ಲ. ಸುಳ್ಳು ಹೋಯ್ತು, ನಮ್ಮ ಲೆಕ್ಕ ಬಂತು, ನಮ್ಮ ನೋವು ಹೊರಗೇ ಉಳೀತು. ಅರ್ಧ ಗೆಲುವು. ಇದನ್ನು ಪೂರ್ತಿ ಗೆಲುವು ಅಂತ ನಾನು ಹೇಳಲ್ಲ.

ಪುರಾವೆ ಎಲ್ಲಿಂದ ತರೋದು

ಇಲ್ಲಿ ನನಗೂ ಆ ನಿಯಮದ ಮೇಲೆ ತಕರಾರು ಐತಿ. ಪುರಾವೆ ಅಂದರೆ ಅಚ್ಚಾದದ್ದು. ಅಚ್ಚಿನ ಮನೆ ಯಾರ ಕೈಯಲ್ಲಿತ್ತು? ಅಕ್ಷರವನ್ನೇ ಕೊಡದೆ ಇಟ್ಟವರಿಗೆ ಪುಸ್ತಕದ ಉಲ್ಲೇಖ ಕೊಡು ಅನ್ನೋದು ಅನ್ಯಾಯವೇ. ಗುಡಿಯ ಹೊರಗೆ ನಿಂತ ಅಜ್ಜಿ ಯಾವ ಪುಸ್ತಕದಲ್ಲೂ ಇಲ್ಲ. ಅವಳ ಮಾತು ಉಲ್ಲೇಖ ಅಲ್ಲ. ನಾನು ಬರೆಯುವ ಈ ಪೋಸ್ಟೂ ಉಲ್ಲೇಖ ಅಲ್ಲ. ಇದನ್ನು ಅಲ್ಲಿನ ಚರ್ಚೆಗಳಲ್ಲಿ ಹೇಳುತ್ತಲೇ ಇರಬೇಕು.

ಹೇಳುತ್ತಲೇ ಇನ್ನೊಂದು ಕೆಲಸ ಮಾಡಬೇಕು. ನಮ್ಮ ಜಿಲ್ಲೆಯಲ್ಲೇ ಅದರ ಉದಾಹರಣೆ ಐತಿ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಉರಿಲಿಂಗಪೆದ್ದಿ, ಅವನ ಹೆಂಡತಿ ಕಾಳವ್ವೆ, ಇವರೆಲ್ಲ ನಮ್ಮ ಶರಣರು. ನೂರು ವರ್ಷದ ಹಿಂದೆ ವಚನಗಳು ಬಹುಪಾಲು ತಾಳೆಗರಿಯಲ್ಲಿ, ಮಠ ಮನೆಗಳ ಗಂಟಿನಲ್ಲಿ ಇದ್ದವು. ಬಿಜಾಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಮನೆ ಮನೆ ಅಲೆದು ಗಂಟು ಬಿಚ್ಚಿಸಿದರು. 1923ರಲ್ಲಿ "ವಚನಶಾಸ್ತ್ರಸಾರ" ಅಚ್ಚಾಯ್ತು. 1926ರಿಂದ "ಶಿವಾನುಭವ" ಪತ್ರಿಕೆ ನಡೆಸಿದರು. ಅದಕ್ಕಾಗಿ ಮನೆ ಮಾರಿಕೊಂಡರು. ಇವತ್ತು ಬಸವಣ್ಣನ ಬಾಗೇವಾಡಿಯಿಂದ ಅಮೆರಿಕದವರೆಗೆ ಯಾರೇ ವಚನದ ಉಲ್ಲೇಖ ಕೊಟ್ಟರೂ ಅದರ ಹಿಂದೆ ಆ ಅಲೆದಾಟ ಐತಿ. ಉಲ್ಲೇಖ ಆಕಾಶದಿಂದ ಬೀಳೋದಿಲ್ಲ. ಯಾರೋ ಒಬ್ಬರು ಮಾಡಬೇಕು.

ನಮ್ಮವರೂ ಮಾಡ್ಯಾರ. ಬಾಬಾಸಾಹೇಬರು 1920ರಲ್ಲೇ "ಮೂಕನಾಯಕ" ತಂದರು. 1973ರ ಬೂಸಾ ಗಲಾಟೆಯಲ್ಲಿ ಬಸವಲಿಂಗಪ್ಪನವರ ಕುರ್ಚಿ ಹೋಯ್ತು, ಆದರೆ ಅಲ್ಲಿಂದ ಎದ್ದ ಹುಡುಗರು ಸಂಘಟನೆ ಕಟ್ಟಿದರು, "ಪಂಚಮ" ಪತ್ರಿಕೆ ತಂದರು. ಅವರು ಬರೆಯದಿದ್ದರೆ ಇವತ್ತು ಆ ಕಾಲದ ಬಗ್ಗೆ ಉಲ್ಲೇಖ ಕೊಡಾಕ ನಮ್ಮ ಹತ್ತಿರ ಏನಿರ್ತಿತ್ತು?

ಮುಳವಾಡ ಅಂತ ಇಂಟರ್ನೆಟ್ಟಿನಲ್ಲಿ ಹುಡುಕಿ ನೋಡ್ರಿ. ಏತ ನೀರಾವರಿ ಯೋಜನೆಯ ಸುದ್ದಿ ಪುಟಗಟ್ಟಲೆ ಬರ್ತದ. ಎಷ್ಟು ಎಕರೆ, ಎಷ್ಟು ಕೋಟಿ, ಯಾವ ಮಂತ್ರಿ. ನಮ್ಮ ಕೇರಿಗೆ ಮೊದಲ ನಳ ಯಾವಾಗ ಬಂತು, ಅದಕ್ಕೂ ಮೊದಲು ನಮ್ಮವ್ವಂದಿರು ಬಾವಿ ಕಟ್ಟೆಯ ಕೆಳಗೆ ಕೊಡ ಇಟ್ಟು ಯಾರಾದರೂ ನೀರು ಹಾಕಲಿ ಅಂತ ಎಷ್ಟು ಹೊತ್ತು ಕಾಯ್ತಿದ್ದರು, ಇದು ಎಲ್ಲೂ ಇಲ್ಲ. ಗೊತ್ತಿದ್ದವರಿಗೆ ಎಂಬತ್ತು ದಾಟೈತಿ.

ಅದಕ್ಕೇ ಐದುನೂರು ಮಂದಿ ಒಂದು ರಾತ್ರಿ ಪುಟಕ್ಕೆ ನುಗ್ಗೋದು ಬ್ಯಾಡ ಅಂದೆ. ಹಂಗ ಗುಂಪು ಕಟ್ಟಿ ಬಂದರೆ ಒಬ್ಬನೇ ಐದುನೂರು ಹೆಸರಿನಲ್ಲಿ ಬಂದಾನ ಅಂತಲೇ ಅವರು ತಿಳೀತಾರ. ಪುಟಕ್ಕೆ ಬೀಗ ಹಾಕ್ತಾರ, ಖಾತೆಗಳೆಲ್ಲ ಹೋಗ್ತಾವ. ಸುಳ್ಳು ಸಾಲು ಮಾತ್ರ ಒಳಗೆ ಆರಾಮ ಇರ್ತದ. ಅಲ್ಲಿ ತಲೆ ಎಣಿಸಿ ತೀರ್ಮಾನ ಮಾಡೋದಿಲ್ಲ, ವಾದ ತೂಗಿ ಮಾಡ್ತಾರ.

ಐದುನೂರು ಮಂದಿ ಇದ್ದೀರಂದ್ರ ಏಪ್ರಿಲ್ 14ಕ್ಕೆ ಹಿಂಗ ಮಾಡ್ರಿ. ಒಬ್ಬೊಬ್ಬರು ನಿಮ್ಮ ಓಣಿಯ ಒಬ್ಬ ಹಿರಿಯರ ಮುಂದೆ ಕೂತು ಅವರ ಮಾತು ಬರಕೊಳ್ರಿ. ಹೆಸರು, ಇಸವಿ, ಜಾಗ ಸರಿ ನೋಡ್ರಿ. ನಮ್ಮ ಹುಡುಗರು ಪತ್ರಿಕೆಗಳಲ್ಲಿ ಇದ್ದಾರ, ಕಾಲೇಜಿನಲ್ಲಿ ಪಾಠ ಮಾಡ್ತಾರ, ಪಿಎಚ್‌ಡಿ ಮಾಡ್ತಾರ. ಅವರ ಕೈಗೆ ಕೊಡ್ರಿ, ಪರಿಶೀಲಿಸಿ ಅಚ್ಚಿಗೆ ತರಲಿ. ಆಮೇಲೆ ಒಬ್ಬನೇ ಒಬ್ಬ ಹುಡುಗ, ಒಂದೇ ಖಾತೆಯಿಂದ, ಒಂದೇ ಸಾಲು ಬರೀಲಿ. ಕೆಳಗೆ ಉಲ್ಲೇಖ ಇರಲಿ. ಯಾರಾದರೂ ಅಳಿಸಿದರೆ ಇತಿಹಾಸದ ಪುಟದಲ್ಲಿ ಅವರ ಹೆಸರು ದಾಖಲಾಗಲಿ, ಚರ್ಚೆಯಲ್ಲಿ ಅವರೇ ಉತ್ತರ ಕೊಡಲಿ.

ನಮ್ಮ ಹುಡುಗ ಹೋದ ಗುರುವಾರ ತಾಯಿಯ ತವರಿಗೆ ಹೋಗಿ ಬಂದ. ಅಜ್ಜಿಯ ಮಾತು ಎರಡು ತಾಸು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊ ಬಂದಾನ. ಅಜ್ಜಿ ಮೊದಲು "ನನ್ನದೇನು ಬರೀತಿಯೋ ಯಪ್ಪಾ" ಅಂದಳಂತೆ. ಆಮೇಲೆ ನಿಲ್ಲಿಸಲೇ ಇಲ್ಲವಂತೆ. ಈಗ ಅದನ್ನು ಕೇಳಿ ಕೇಳಿ ಬರಕೊಳ್ತಾ ಕೂತಾನ. ಟೈಪಿಂಗ್ ನಾನು ಮಾಡ್ಕೊಡ್ತೀನಿ ಅಂದೀನಿ. ಗುಮಾಸ್ತ ಅಂತ ಬೈದಿರಲ್ಲ, ಆ ಕೆಲಸಕ್ಕಾದರೂ ಬರ್ತೀನಿ.

ನಿಮ್ಮ ಕಡೆ ಯಾರಾದರೂ ಬ್ಲಾಕ್ ಆಗಿದ್ದರೆ ಇನ್‌ಬಾಕ್ಸಿಗೆ ಬರ್ರಿ. ಅರ್ಜಿ ಬರೆಯೋಕೆ ಕೂಡೋಣ.

ಜೈ ಭೀಮ್.